ಇಂಜಿನ್ನಿನ ಎರಡು ಬದಿ

ಡಬ್ಲಿನ್ ನಗರದ ಹ್ಯೂಸ್ಟನ್ ನಿಲ್ದಾಣದೊಳಗೆ ಕಾಲಿಟ್ಟ ಕೂಡಲೇ ಪರಿಚಿತವಾದ ದನಿಯೊಂದು ಕೇಳಿಸಿತು. ಕಾರ್ಕ್ ನಗರಕ್ಕೆ ಹೊರಡಲಿದ್ದ ಗಾಡಿಯ ತುದಿಯಲ್ಲಿ, ಕಣ್ಣಿಗೆ ಬೀಳದ ಕಡೆ ನಿಂತಿದ್ದ ಡೀಸೆಲ್ ಇಂಜಿನ್ನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಆ ದನಿಯನ್ನು ನಾನು ಹೊಟಗಿ ಜಂಕ್ಷನ್ನಿನಲ್ಲಿ ಎಷ್ಟೋ ರಾತ್ರಿ ಕೇಳಿದ್ದೇನೆ. ಗದಗ, ವಿಜಯಪುರದ ಕಡೆಯಿಂದ ಬಂದ ಗೂಡ್ಸ್ ಗಾಡಿಗಳ ಮುಂದೆ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಇಂಜಿನ್ನುಗಳು ಸಿಗ್ನಲ್ಲಿಗಾಗಿ ಕಾಯುತ್ತ ನಿಂತಾಗ ಹೊರಡಿಸುತ್ತಿದ್ದ ದನಿ ಅದು. ಏಳು ಸಾವಿರ ಮೈಲಿಗಳಲ್ಲದಿದ್ದರೂ ಐದು ಸಾವಿರ ಮೈಲಿಗಳಾದರೂ ದೂರವಿರುವ ಊರಿನಲ್ಲಿ ಅದನ್ನು ಕೇಳಿ ನಾನು ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದೆ.

"ಅಣ್ಣಾ, ಸಮುದ್ರ ತೋರಸ್ತೀನಿ ಬಾ ಅಂದ್ರ ಇಂಜಿನ್ ನೋಡ್ಲಿಕ್ಕೆ ಹೊಂಟ್ಯಲ್ಲ" ಎಂದು ತಮ್ಮ ಹಿಂದಿನಿಂದ ಕೂಗಿದ. ಅವನು ಅಲ್ಲಿ ಹನ್ನೆರಡು ವರ್ಷಗಳಿಂದ ನೌಕರಿಯಲ್ಲಿದ್ದಾನೆ. ನ್ಯಾಯಾಲಯದ ಬೇಸಿಗೆ ರಜೆಯಲ್ಲಿ ಮೂರು ವಾರಗಳ ಮಟ್ಟಿಗೆ ನಾನು ಅವನ ಮನೆಗೆ ಹೋಗಿದ್ದೆ. ಸಮುದ್ರವನ್ನೂ ನೋಡಿದೆ. ಆದರೆ ಈ ಲೇಖನ ಇಂಜಿನ್ನುಗಳ ವಿಷಯವಾದದ್ದು.

ಡೀಸೆಲ್ ಇಂಜಿನ್ ನೋಡಬೇಕೆನ್ನುವವನು ಈಗ ಭಾರತಕ್ಕಿಂತ ಐರ್ಲೆಂಡಿಗೆ ಹೋಗುವುದು ಲೇಸು. ನಮ್ಮ ಬ್ರಾಡ್‌ಗೇಜ್ ಹಳಿಗಳ ಮೇಲೆಲ್ಲ ಬಹುತೇಕ ವಿದ್ಯುತ್ ತಂತಿ ಹರಡಿದೆ. ನನ್ನ ಬಾಲ್ಯದಲ್ಲಿ ಮೀಟರ್‌ಗೇಜ್ ಆಗಿದ್ದ ಹೊಟಗಿ–ಗದಗ ಮಾರ್ಗದ ಮೇಲೂ ತಂತಿ ಬಂದಿದೆ. ಐರ್ಲೆಂಡಿನಲ್ಲಿಯಾದರೋ, 1984ರಲ್ಲಿ ಆರಂಭವಾದ ಡಬ್ಲಿನ್ ಕರಾವಳಿಯ 'ಡಾರ್ಟ್' ಎಂಬ ಉಪನಗರ ಮಾರ್ಗವೊಂದನ್ನು ಬಿಟ್ಟರೆ ಮಿಕ್ಕ ರೈಲುಮಾರ್ಗಗಳೆಲ್ಲ ಇಂದಿಗೂ ಡೀಸೆಲ್ಲಿನ ಮೇಲೆ ನಡೆಯುತ್ತವೆ.

ಆ ದೇಶದ ಹಳಿಗಳ ಅಗಲವೂ ನಮ್ಮಂತೆ ಸ್ವಂತದ್ದು. ಇಂಗ್ಲೆಂಡಿನದು 1435 ಮಿ.ಮೀ., ನಮ್ಮದು 1676, ಅವರದು 1600. ಇದು ಬಂದ ಬಗೆ ವಕೀಲನಾದವನಿಗೆ ರುಚಿಸುವಂಥದ್ದು. 1834ರಲ್ಲಿ ತೆರೆದ ಡಬ್ಲಿನ್–ಕಿಂಗ್ಸ್‌ಟೌನ್ ಮಾರ್ಗ ಇಂಗ್ಲಿಷ್ ಅಳತೆಯದು. ಉತ್ತರದ ಅಲ್ಸ್ಟರ್ ರೈಲ್ವೆ ಆರಡಿ ಎರಡಂಗುಲ ಹಾಕಿತು. ಡಬ್ಲಿನ್–ಡ್ರೋಗೆಡಾ ಕಂಪನಿ ಐದಡಿ ಎರಡಂಗುಲ ಬೇಕೆಂದಿತು. ಎರಡು ಕಡೆಯ ಹಳಿಗಳು ಒಂದು ದಿನ ಎದುರುಬದುರಾಗಿ ನಿಲ್ಲುವವೆಂದು ಅರಿತ ಸರ್ಕಾರ ಜನರಲ್ ಪಾಸ್ಲಿ ಎಂಬ ಅಧಿಕಾರಿಗೆ ತೀರ್ಮಾನ ಒಪ್ಪಿಸಿತು. ಆತ ಬಳಕೆಯಲ್ಲಿದ್ದ ಮತ್ತು ಸೂಚಿತವಾಗಿದ್ದ ಅಳತೆಗಳ ನಡುವೆ ಐದಡಿ ಮೂರಂಗುಲವನ್ನು ಆರಿಸಿದ. 1846ರ ಗೇಜ್ ಕಾಯಿದೆ ಅದನ್ನೇ ಶಾಸನವಾಗಿಸಿತು. ಯಾವ ಪಕ್ಷಕಾರನೂ ಕೇಳದಿದ್ದ ಅಳತೆ ಎಲ್ಲರ ಪಾಲಿಗೂ ಬಂತು. ಅಲ್ಸ್ಟರ್ ರೈಲ್ವೆ ಹಾಕಿದ ಹಳಿ ಕಿತ್ತು ಮತ್ತೆ ಹಾಕಬೇಕಾಯಿತು. ಅದಕ್ಕೆ ಪರಿಹಾರವನ್ನೂ ಪಡೆಯಿತು. ರಾಜಿ ತೀರ್ಪುಗಳು ಸಾಮಾನ್ಯವಾಗಿ ಹೀಗೆಯೇ.

ಉಗಿಯಿಂದ ಡೀಸೆಲ್ಲಿಗೆ ಐರ್ಲೆಂಡ್ ಬೇಗನೆ ದಾಟಿತು. ಕಲ್ಲಿದ್ದಲು ಅವರ ನೆಲದಲ್ಲಿ ಹೆಚ್ಚಿಲ್ಲ. ಯುದ್ಧಕಾಲದಲ್ಲಿ ಹೊರಗಿನಿಂದಲೂ ಸಿಗದೆ ರೈಲುಗಳು ಸೊರಗಿದ್ದವು. 1945ರಲ್ಲಿ ರೂಪುಗೊಂಡ ಕೋರಸ್ ಇಂಪರ್ ಏರನ್, ಅಂದರೆ 'ಐರ್ಲೆಂಡಿನ ಸಾರಿಗೆ ವ್ಯವಸ್ಥೆ', ಜವುಗುನೆಲದಿಂದ ಅಗೆದು ಒಣಗಿಸಿದ ಪೀಟ್ ಮಣ್ಣನ್ನು ಉರಿಸುವ ಉಗಿಯಂತ್ರವೊಂದನ್ನು 1957ರಲ್ಲಿ ತನ್ನ ಇಂಚಿಕೋರ್ ಕಾರ್ಖಾನೆಯಲ್ಲಿ ಕಟ್ಟಿಸಿ ನೋಡಿತು. ಅದು ಒಂದಕ್ಕೇ ನಿಂತಿತು. ಅಷ್ಟರಲ್ಲಿ ಇಂಗ್ಲೆಂಡಿನ ಮೆಟ್ರೋಪಾಲಿಟನ್-ವಿಕರ್ಸ್ ಕಂಪನಿಯಿಂದ 94 ಡೀಸೆಲ್ ಇಂಜಿನ್ನುಗಳು ಬರತೊಡಗಿದ್ದವು: ದೊಡ್ಡವು 60, 'ಎ' ವರ್ಗ, ಸಣ್ಣವು 34, 'ಸಿ' ವರ್ಗ. ಇವುಗಳ ಹೊಟ್ಟೆಯಲ್ಲಿದ್ದದ್ದು ಕ್ರಾಸ್ಲಿ ಎಂಬ ಎರಡು ಹೊಡೆತದ ಯಂತ್ರ. ಹೊಗೆ ವಿಪರೀತ, ನಡುಕ ವಿಪರೀತ, ದುರಸ್ತಿಗೆ ಕೊನೆಯಿಲ್ಲ. ಒಂದೆರಡನ್ನು ಓಡಿಸಿ ಪರೀಕ್ಷಿಸಿ ಕೊಳ್ಳಬೇಕಾದ್ದನ್ನು ಒಟ್ಟಿಗೇ ಕೊಂಡರೆ ಆಗುವ ಪಾಡಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಅವರು ತಪ್ಪನ್ನು ತಿದ್ದಿಕೊಂಡ ರೀತಿ ಮಾತ್ರ ಮೆಚ್ಚತಕ್ಕದ್ದು. 1960ರ ದಶಕದ ಕೊನೆಯಿಂದ ಆ ಇಂಜಿನ್ನುಗಳ ಕ್ರಾಸ್ಲಿ ಯಂತ್ರಗಳನ್ನು ಕಿತ್ತು, ಅಮೆರಿಕದ ಜನರಲ್ ಮೋಟರ್ಸ್ ಯಂತ್ರಗಳನ್ನು ಕೂಡಿಸಿದರು. ಮೈ ಇಂಗ್ಲೆಂಡಿನದು, ಹೃದಯ ಅಮೆರಿಕದ್ದು. ಹೀಗೆ ಮರುಹುಟ್ಟು ಪಡೆದ 'ಎ' ವರ್ಗದ ಇಂಜಿನ್ನುಗಳು 1995ರವರೆಗೆ ದುಡಿದವು. ಅವುಗಳಲ್ಲಿ ಎ39 ಎಂಬುದನ್ನು ಐರಿಷ್ ಟ್ರಾಕ್ಷನ್ ಗ್ರೂಪ್ ಎಂಬ ಹವ್ಯಾಸಿಗಳ ಸಂಘ ಉಳಿಸಿಕೊಂಡಿದೆ.

ಈಗ ಐರಿಷ್ ಇಂಜಿನ್ನುಗಳ ವಂಶಾವಳಿಯನ್ನು ಬಿಡಿಸುವ ಕೀಲಿಕೈಯನ್ನು ಓದುಗರ ಕೈಗೆ ಕೊಡುತ್ತೇನೆ. ಅದು ಮೂರು ಸಂಖ್ಯೆಗಳಲ್ಲಿದೆ: 567, 645, 710. ಜನರಲ್ ಮೋಟರ್ಸಿನವರು ತಮ್ಮ ಯಂತ್ರಗಳಿಗೆ ಒಂದು ಸಿಲಿಂಡರಿನ ಗಾತ್ರವನ್ನು ಘನ ಅಂಗುಲಗಳಲ್ಲಿ ಅಳೆದು ಅದನ್ನೇ ಹೆಸರಾಗಿ ಇಟ್ಟರು. 567 ಅಜ್ಜ, 645 ಅಪ್ಪ, 710 ಮಗ. 1961ರಲ್ಲಿ ಓಡಾಟ ಆರಂಭಿಸಿದ 121 ವರ್ಗದ 15 ಇಂಜಿನ್ನುಗಳು ಮತ್ತು 1962ರ 141 ವರ್ಗದ 37 ಇಂಜಿನ್ನುಗಳು ಅಜ್ಜನ ಯಂತ್ರದವು. 1966ರ 181 ವರ್ಗದ 12 ಮತ್ತು 1976ರ 071 ವರ್ಗದ 18 ಅಪ್ಪನ ಯಂತ್ರದವು. 1994–95ರಲ್ಲಿ ಕೆನಡಾದಿಂದ ಬಂದ 201 ವರ್ಗದ 34 ಮಗನ ಯಂತ್ರದವು. ನಮ್ಮ ಹುಬ್ಬಳ್ಳಿಯ ಡಬ್ಲ್ಯುಡಿಜಿ-4ರ ಒಳಗಿರುವುದೂ ಇದೇ 710. ನಮ್ಮದರಲ್ಲಿ ಹದಿನಾರು ಸಿಲಿಂಡರ್, 4000 ಅಶ್ವಶಕ್ತಿ. ಅವರದರಲ್ಲಿ ಹನ್ನೆರಡು ಸಿಲಿಂಡರ್, 3200 ಅಶ್ವಶಕ್ತಿ. ಹ್ಯೂಸ್ಟನ್ನಿನಲ್ಲಿ ನನ್ನ ಕಿವಿ ಗುರುತಿಸಿದ್ದು ಈ ಸಗೋತ್ರವನ್ನು. ನಮ್ಮ ಹಳೆಯ ಡಬ್ಲ್ಯುಡಿಎಂ-2 ಇಂಜಿನ್ನಿನ ಆಲ್ಕೋ ಯಂತ್ರ ನಾಲ್ಕು ಹೊಡೆತದ್ದು. ಅದು ನಿಂತಲ್ಲಿಯೇ ಕುದುರೆಯಂತೆ ಕುಣಿಯುತ್ತ ತಾಳ ಹಾಕುತ್ತದೆ. ಎರಡು ಹೊಡೆತದ ಜಿ.ಎಂ. ಯಂತ್ರ ತಂಬೂರಿಯಂತೆ ಒಂದೇ ಶ್ರುತಿ ಹಿಡಿಯುತ್ತದೆ. ಎರಡನ್ನೂ ಕೇಳಿದವನು ಕಣ್ಣು ಮುಚ್ಚಿಯೂ ತಪ್ಪಲಾರ.

ಕಣ್ಣಿನ ಗುರುತುಗಳೂ ಉಂಟು. 121ಕ್ಕೆ ಚಾಲಕನ ಕೋಣೆ ಒಂದೇ ಬದಿಗೆ. ಅಮೆರಿಕದ ಬಯಲಿಗೆ ಅದು ಸರಿ. ಐರ್ಲೆಂಡಿನಲ್ಲಿ ಪ್ರತಿ ಸಲ ತಿರುಗುಮಣೆಯ ಮೇಲೆ ಹತ್ತಿಸಿ ಇಂಜಿನ್ನನ್ನು ತಿರುಗಿಸಬೇಕಾಗುತ್ತಿತ್ತು. ಆ ಪಾಠ ಕಲಿತು 141ರಿಂದ ಮುಂದಕ್ಕೆ ಎರಡೂ ತುದಿಗೆ ಕೋಣೆ ಇಡಿಸಿದರು. ಈ ಸಣ್ಣ ಇಂಜಿನ್ನುಗಳೆಲ್ಲ ಈಗ ಕೆಲಸದಿಂದ ನಿವೃತ್ತವಾಗಿವೆ. 121ರ ಕೊನೆಯವು 2008ರಲ್ಲಿ ಹೋದವು. ಇಂದು ಹಳಿಯ ಮೇಲೆ ಕಾಣುವವು 071 ಮತ್ತು 201 ಮಾತ್ರ. 071 ಗಿಡ್ಡ, ಸುಮಾರು 99 ಟನ್, ಮುಖ ಮೊಂಡು, ಗಂಟೆಗೆ 145 ಕಿ.ಮೀ. ಓಡಬಲ್ಲದು. 201 ಅದಕ್ಕಿಂತ ಮೂರೂವರೆ ಮೀಟರ್ ಉದ್ದ, 112 ಟನ್, ಅಗಲವಾದ ಹಣೆ, ವೇಗ 160. ಒಂದು ಕಾಲಕ್ಕೆ 071 ದೇಶದ ಎಲ್ಲ ದೊಡ್ಡ ಗಾಡಿಗಳನ್ನೂ ಎಳೆಯಿತು. 201 ಬಂದಾಗ ಅದು ಸರಕು ಗಾಡಿಗೆ ಇಳಿಯಿತು. ಬಳಿಕ 2007ರಿಂದ ದಕ್ಷಿಣ ಕೊರಿಯಾದ ರೈಲ್‌ಕಾರುಗಳು ಬಂದವು. ಇವಕ್ಕೆ ಬೇರೆ ಇಂಜಿನ್ ಬೇಡ. ಯಂತ್ರ ಪ್ರತಿ ಬೋಗಿಯ ಕೆಳಗೇ ಇರುತ್ತದೆ. ಹೀಗೆ 201ರ ಕೆಲಸವೂ ಕಿರಿದಾಗಿ ಮುಖ್ಯವಾಗಿ ಡಬ್ಲಿನ್–ಕಾರ್ಕ್ ಮಾರ್ಗ, ಡಬ್ಲಿನ್–ಬೆಲ್ಫಾಸ್ಟ್ 'ಎಂಟರ್‌ಪ್ರೈಸ್' ಮತ್ತು ಕೆಲವು ಸರಕು ಗಾಡಿಗಳಿಗೆ ಸೀಮಿತವಾಯಿತು. 201 ವರ್ಗದ ಮೊದಲ ಇಂಜಿನ್ನನ್ನು 1994ರ ಜೂನ್ ತಿಂಗಳಲ್ಲಿ ಅಂಟೊನೊವ್ ವಿಮಾನದೊಳಗೆ ಇಟ್ಟು ಕೆನಡಾದಿಂದ ಹಾರಿಸಿ ತಂದಿದ್ದರು. ಆಕಾಶದಲ್ಲಿ ಬಂದ ಆ ಇಂಜಿನ್ನು ವರ್ಷಗಟ್ಟಲೆ ಕೆಲಸವಿಲ್ಲದೆ ನಿಂತವುಗಳ ಸಾಲಿಗೆ ಸೇರಿತು.

ಒಂದು ಶನಿವಾರ ತಮ್ಮನ ಮಗಳನ್ನು ಕರೆದುಕೊಂಡು ಪೋರ್ಟಾರ್ಲಿಂಗ್ಟನ್ ಎಂಬ ನಿಲ್ದಾಣಕ್ಕೆ ಹೋದೆ. ಡಬ್ಲಿನ್ನಿನಿಂದ ಸುಮಾರು 65 ಕಿ.ಮೀ. ದೂರದ ಆ ಜಂಕ್ಷನ್ನಿನಲ್ಲಿ ಕಾರ್ಕ್ ಮಾರ್ಗದಿಂದ ಪಶ್ಚಿಮದ ಮಾರ್ಗ ಒಡೆಯುತ್ತದೆ. ಮೇಯೋ ಕೌಂಟಿಯ ಕಡೆಯಿಂದ ವಾಟರ್‌ಫರ್ಡ್ ನಗರದತ್ತ ಹೋಗುವ ಮರದ ದಿಮ್ಮಿಯ ಗಾಡಿಗಳೂ ಅಲ್ಲಿ ಹಾಯುತ್ತವೆ. ಹುಡುಗಿಗೆ ಹತ್ತು ವರ್ಷ; ಹುಟ್ಟಿದ್ದು, ಬೆಳೆದದ್ದು ಅಲ್ಲಿಯೇ. ಕೈಯಲ್ಲಿ ಒಂದು ನೋಟ್‌ಬುಕ್ಕು. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಆಗಲೇ ಒಬ್ಬ ವೃದ್ಧರು ಫ್ಲಾಸ್ಕಿನ ಚಹ ಹೀರುತ್ತ ಕುಳಿತಿದ್ದರು. ಅವರ ಕೈಯಲ್ಲಿಯೂ ನೋಟ್‌ಬುಕ್ಕು. ಜಿನುಗು ಮಳೆ ಹತ್ತಿತು. ಅವರು ಟೋಪಿಯನ್ನು ಸರಿಪಡಿಸಿಕೊಂಡರೇ ವಿನಾ ಕದಲಲಿಲ್ಲ.

ಇಂಜಿನ್ ನೋಡುವವರ ಶಿಸ್ತು ಸರಳ. ಸಂಖ್ಯೆ, ವೇಳೆ, ದಿಕ್ಕು, ಹಿಂದೆ ಏನಿದೆ — ಇಷ್ಟನ್ನು ಬರೆದುಕೊಳ್ಳಬೇಕು. ನೋಡದ್ದನ್ನು ಬರೆಯಕೂಡದು. ಸಾಕ್ಷ್ಯ ಕಾಯಿದೆಯ ನಿಯಮವೂ ಸರಿಸುಮಾರು ಇದೇ. ಹನ್ನೊಂದರ ಸುಮಾರಿಗೆ ಬೂದುಬಣ್ಣದ 071 ಒಂದು ದಿಮ್ಮಿಗಳ ಉದ್ದನೆಯ ಸಾಲನ್ನೆಳೆದುಕೊಂಡು ಬಂತು. ಹಸಿಮರದ ವಾಸನೆ ಪ್ಲಾಟ್‌ಫಾರ್ಮನ್ನೆಲ್ಲ ತುಂಬಿತು. ನಾವು ಮೂವರೂ ಒಂದೇ ಸಲ ತಲೆ ಬಗ್ಗಿಸಿ ಸಂಖ್ಯೆ ಬರೆದುಕೊಂಡೆವು. ಆಮೇಲೆ ವೃದ್ಧರು ನಮಗೂ ಬಿಸ್ಕತ್ತು ಕೊಟ್ಟರು.

ಮಧ್ಯಾಹ್ನ ಕಾರ್ಕ್ ಗಾಡಿಯೊಂದು 201 ವರ್ಗದ ಇಂಜಿನ್ನಿನೊಡನೆ ಬಂದು ನಿಂತಿತು. ಈ ವರ್ಗದ ಇಂಜಿನ್ನುಗಳಿಗೆ ನದಿಗಳ ಹೆಸರಿಟ್ಟಿದ್ದಾರೆ: 201 ಶ್ಯಾನನ್, 206 ಲಿಫಿ, 207 ಬಾಯ್ನ್, 231 ಮೇಗ್, 234 ಅಹರ್ಲೋ. ನಮ್ಮಲ್ಲಿ ಕೃಷ್ಣಾ, ಗೋದಾವರಿ, ಶರಾವತಿಗಳು ಗಾಡಿಗಳ ಹೆಸರು; ಅವರಲ್ಲಿ ಇಂಜಿನ್ನಿನ ಮೈಮೇಲೆಯೇ ನದಿ. ನಾನು ಫಲಕವನ್ನು ಓದಲು ಹೋಗಿ ತಡವರಿಸಿದೆ. ಅಕ್ಷರ ಇಂಗ್ಲಿಷಿನವು, ಪದ ಇಂಗ್ಲಿಷಿನದಲ್ಲ.

"ದೊಡ್ಡಪ್ಪ, ಅದು 'ಅವಿನ್'. ಅವಿನ್ ಅಂದ್ರ ಹೊಳಿ. ನಮಗ ಸಾಲ್ಯಾಗ ಕಲಿಸ್ಯಾರ" ಎಂದಳು ಹುಡುಗಿ. ಅವಳು ಉಳಿದ ಹೆಸರನ್ನೂ ಸಲೀಸಾಗಿ ಓದಿದಳು. ಅಲ್ಲಿಯ ಶಾಲೆಗಳಲ್ಲಿ ಐರಿಷ್ ಕಲಿಕೆ ಕಡ್ಡಾಯ.

ವೃದ್ಧರು ನಕ್ಕು ಹೇಳಿದರು: ಈ ಇಂಜಿನ್ನುಗಳ ಒಂದು ಬದಿಗೆ ಐರಿಷ್ ಹೆಸರು, ಇನ್ನೊಂದು ಬದಿಗೆ ಇಂಗ್ಲಿಷ್ ಹೆಸರು. ನಿಂತಲ್ಲಿಂದ ಒಂದೇ ಕಾಣುತ್ತದೆ. ಮತ್ತೊಂದನ್ನು ನೋಡಬೇಕಾದರೆ ಮೇಲುಸೇತುವೆ ಹತ್ತಿ ಆಚೆಯ ಪ್ಲಾಟ್‌ಫಾರ್ಮಿಗೆ ಹೋಗಬೇಕು. ತಮ್ಮ ಅಜ್ಜಿ ಪಶ್ಚಿಮದ ಕರಾವಳಿಯವರು, ಐರಿಷ್ ಬಿಟ್ಟರೆ ಬೇರೆ ಮಾತು ಅವರ ಬಾಯಿಗೆ ಸರಿಯಾಗಿ ಒಗ್ಗಲಿಲ್ಲ. ತಮಗಾದರೋ ಈಗ ಉಳಿದಿರುವ ಐರಿಷ್ ಎಂದರೆ ಈ ಮೂವತ್ತು ನಾಲ್ಕು ನದಿಗಳು ಮತ್ತು ನಿಲ್ದಾಣಗಳ ಹೆಸರು. ಈ ಮಾತನ್ನು ಅವರು ದುಃಖದಿಂದೇನೂ ಆಡಲಿಲ್ಲ. ಬರೆದುಕೊಂಡ ಸಂಖ್ಯೆಯನ್ನು ಓದುವಂತೆ ಓದಿದರು.

ನಾನು ತಲೆಯೆತ್ತಿ ನಿಲ್ದಾಣದ ಹಲಗೆಯನ್ನು ನೋಡಿದೆ. ಅದರಲ್ಲಿಯೂ ಎರಡು ಹೆಸರು. ಇಂಗ್ಲಿಷಿನ ಹೆಸರು ಆರ್ಲಿಂಗ್ಟನ್ ಎಂಬ ಲಾರ್ಡ್‌ನಿಂದ ಬಂದದ್ದು. ಐರಿಷ್ ಹೆಸರು 'ಕೂಲ್ ಅನ್ ತೂಡರಿ', ಅಂದರೆ 'ಚರ್ಮ ಹದಮಾಡುವವನ ಮೂಲೆ'. ಒಂದು ಇನ್ನೊಂದರ ಅನುವಾದವಲ್ಲ. ಒಂದೇ ಊರಿಗೆ ಎರಡು ನೆನಪು. ಸೋಲಾಪೂರ ಎಂಬ ಹಲಗೆಯ ಕೆಳಗೆ ಓಡಾಡುವ ನಮಗೆ ಸಿದ್ಧರಾಮನ ಸೊನ್ನಲಿಗೆ ನೆನಪಾಗುವುದಿಲ್ಲವೆ? ಹಾಗೆ.

ಐರ್ಲೆಂಡಿನ 1937ರ ಸಂವಿಧಾನದ 8ನೆಯ ವಿಧಿಯಲ್ಲಿ ಐರಿಷ್ ಪ್ರಥಮ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ಭಾಷೆಯೊಂದಕ್ಕೆ ಕಾನೂನು ಇದಕ್ಕಿಂತ ಎತ್ತರದ ಪೀಠವನ್ನು ಕೊಡಲಾರದು. ಆದರೆ 2022ರ ಜನಗಣತಿಯಲ್ಲಿ ಶಾಲೆಯ ಹೊರಗೆ ದಿನವೂ ಐರಿಷ್ ಆಡುತ್ತೇವೆಂದವರು ಐವತ್ತು ಲಕ್ಷ ಮೀರಿದ ಜನರಲ್ಲಿ ಸುಮಾರು 72,000 ಮಂದಿ ಮಾತ್ರ. ಪೀಠ ಖಾಲಿಯಿಲ್ಲ; ಆದರೆ ಆಸ್ಥಾನ ಬಹಳ ತೆಳುವಾಗಿದೆ.

ಮರುವಾರ ಬೆಲ್ಫಾಸ್ಟಿಗೆ ಹೋದೆ. 1947ರಿಂದ ಓಡುತ್ತಿರುವ ಎಂಟರ್‌ಪ್ರೈಸ್ ಗಾಡಿ ಗಡಿಯನ್ನು ದಾಟುವುದು ಪ್ರಯಾಣಿಕನಿಗೆ ತಿಳಿಯುವುದೇ ಇಲ್ಲ. ನಿಲುಗಡೆಯಿಲ್ಲ, ತಪಾಸಣೆಯಿಲ್ಲ, ಅದೇ ಇಂಜಿನ್ನು, ಅದೇ ದನಿ. ಆದರೆ ಈ ಹಳಿಗಳಿಗೊಂದು ಪಾಲುಪಟ್ಟಿಯ ಕಥೆಯುಂಟು. ಈ ಮಾರ್ಗದ ಒಡೆತನ ಗ್ರೇಟ್ ನಾರ್ದರ್ನ್ ರೈಲ್ವೆಯದು. ಆ ಕಂಪನಿ ಹುಟ್ಟಿದಾಗ ಗಡಿ ಇರಲಿಲ್ಲ. 1921ರ ಬಳಿಕ ಅದರ ಹಳಿಗಳ ಮೇಲೆ ಗಡಿ ಬಂದು ಕೂತಿತು. ನಷ್ಟಕ್ಕೊಳಗಾದ ಕಂಪನಿಯನ್ನು 1953ರಲ್ಲಿ ಎರಡು ಸರ್ಕಾರಗಳು ಕೂಡಿ ಕೊಂಡವು. 1958ರಲ್ಲಿ ಒಡೆದು ಹಂಚಿಕೊಂಡವು. ಇಂಜಿನ್ನುಗಳನ್ನೂ ಬೋಗಿಗಳನ್ನೂ ಅಣ್ಣತಮ್ಮಂದಿರು ಪಾತ್ರೆ ಪಡಗ ಹಂಚಿಕೊಂಡಂತೆ ಅರ್ಧರ್ಧ ಮಾಡಿದರು. ಡೀಸೆಲ್ ಇಂಜಿನ್ನೊಂದಿತ್ತು, ಸಂಖ್ಯೆ 800. ಅದನ್ನು ಅರ್ಧ ಮಾಡಲಾಗದೆ ದಕ್ಷಿಣದ ಪಾಲಿಗೆ ಬಿಟ್ಟರು. ನಮ್ಮಲ್ಲಿ 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಊರುಗಳು ಹೀಗೆಯೇ ಒಂದೊಂದು ಪಾಲಿಗೆ ಹೋದವು. ಊರು ಹೋದಾಗ ಅದರೊಳಗಿನ ಮಾತೂ ಅದರೊಡನೆ ಹೋಯಿತು.

ಆ ಗಾಡಿಯಲ್ಲಿ ಕಿಟಕಿಯ ಬಳಿ ಕುಳಿತು ನಾನು ನೆನಪಿಸಿಕೊಂಡದ್ದು ಒಂದು ಹಳೆಯ ಅರ್ಜಿಯನ್ನು. ಅಕ್ಕಲಕೋಟೆ ಕಡೆಯ ಒಂದು ಊರಿನವರು ತಮ್ಮಲ್ಲಿಯ ಕಚೇರಿಯೊಂದರ ನಾಮಫಲಕದಲ್ಲಿ ಕನ್ನಡವೂ ಇರಲೆಂದು ಕೋರಿ ನನ್ನಿಂದ ಅರ್ಜಿ ಬರೆಸಿದ್ದರು. ಎರಡು ವರ್ಷಗಳ ಓಡಾಟದ ಮೇಲೆ ಫಲಕ ಬಂತು. ಕಾಯಿ ಒಡೆದೆವು, ಪೇಢೆ ಹಂಚಿದೆವು. ಹಿರಿಯರೊಬ್ಬರು ಮೊಮ್ಮಗನನ್ನು ಫಲಕದ ಮುಂದೆ ನಿಲ್ಲಿಸಿ "ಓದಪ್ಪಾ" ಎಂದರು. ಹುಡುಗ ಮರಾಠಿಯ ಸಾಲನ್ನು ಓದಿದ, ಇಂಗ್ಲಿಷಿನ ಸಾಲನ್ನು ಓದಿದ, ಮೂರನೆಯದರ ಮುಂದೆ ಸುಮ್ಮನೆ ನಿಂತ. ಯಾರೂ ಏನೂ ಅನ್ನಲಿಲ್ಲ. ನಾನಂತೂ ಅನ್ನುವ ಹಾಗಿರಲಿಲ್ಲ. ನನ್ನ ಮಗನೂ ಆಗ ಅದನ್ನು ಓದಲಾರದವನೇ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕುರಿತ 350ಎ ವಿಧಿಯನ್ನು ಆ ಅರ್ಜಿಯಲ್ಲಿ ಉಲ್ಲೇಖಿಸಿದವನು ನಾನು. ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದವನೂ ನಾನೇ.

ಫಲಕ ಬೇಡವೆಂದು ನಾನು ಹೇಳುತ್ತಿಲ್ಲ. ಆ ಫಲಕವಿಲ್ಲದಿದ್ದರೆ ಪೋರ್ಟಾರ್ಲಿಂಗ್ಟನ್ನಿನ ವೃದ್ಧರಿಗೆ ಅಜ್ಜಿಯ ಭಾಷೆಯ ಮೂವತ್ತು ನಾಲ್ಕು ಪದಗಳೂ ಉಳಿಯುತ್ತಿರಲಿಲ್ಲ. ಎರಡು ತಲೆಮಾರು ಮಾತನಾಡದಿದ್ದ ಮೇಲೂ ಅದು ಒಬ್ಬ ಪರದೇಶಿ ಹುಡುಗಿಯ ಬಾಯಿಗೆ ಮರಳಿ ಬಂದದ್ದನ್ನು ನಾನೇ ಕಂಡೆನಲ್ಲ. ಹಲಗೆ ಕಾಯುತ್ತದೆ, ಸರಿ. ಓದುವವರನ್ನು ತಯಾರು ಮಾಡುವ ಕೆಲಸ ಮನೆಯದು, ಶಾಲೆಯದು. ಆ ಕೆಲಸಕ್ಕೆ ಯಾವ ನ್ಯಾಯಾಲಯದಿಂದಲೂ ಆದೇಶ ತರಲಾಗುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ತಮ್ಮನ ಮಗಳು ತನ್ನ ನೋಟ್‌ಬುಕ್ಕನ್ನು ತಂದು ತೋರಿಸಿದಳು. ಮೂರು ವಾರಗಳಲ್ಲಿ ನಾವು ನೋಡಿದ ಇಂಜಿನ್ನುಗಳನ್ನೆಲ್ಲ ಪಟ್ಟಿ ಮಾಡಿದ್ದಳು: 071 ವರ್ಗದವು ಏಳು, 201 ವರ್ಗದವು ಹನ್ನೊಂದು. ಸಂಖ್ಯೆಯ ಮುಂದೆ ಐರಿಷ್ ಹೆಸರು, ಅದರ ಮುಂದೆ ಇಂಗ್ಲಿಷ್ ಹೆಸರು. ಕೊನೆಗೆ ಒಂದು ಅಂಕಣ ಖಾಲಿ ಬಿಟ್ಟಿದ್ದಳು.

"ಇದು ಯಾತಕ್ಕವ್ವಾ?" ಎಂದೆ.

"ಇದು ನಿಂದು, ದೊಡ್ಡಪ್ಪ. ಕನ್ನಡದಾಗ ಬರಿ. ನನಗ ಬರಿಲಿಕ್ಕೆ ಬರೂದಿಲ್ಲಲ್ಲ."

ನಾನು ಮೊದಲ ಸಾಲಿನಲ್ಲಿ 'ಹೊಳೆ' ಎಂದು ಬರೆದೆ. ಎರಡನೆಯ ಸಾಲಿಗೆ ಪೆನ್ನಿಡುವಷ್ಟರಲ್ಲಿ ಮನಸ್ಸು ಬದಲಾಯಿತು. ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ, ಪೆನ್ನನ್ನು ಅವಳ ಕೈಗೆ ಕೊಟ್ಟೆ. 'ಹ' ಬರೆಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಕೊಂಬು ಯಾವ ಕಡೆಗೆ ತಿರುಗಬೇಕೆಂಬುದು ಅವಳಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಈಗ ಪ್ರತಿ ಭಾನುವಾರ ಸಂಜೆ ಫೋನಿನಲ್ಲಿ ಒಂದೊಂದು ಅಕ್ಷರ ನಡೆದಿದೆ. ನನ್ನ ಮಗನೂ ನೋಡಲು ಬಂದು ಕೂಡುತ್ತಾನೆ; ಇಂಜಿನ್ನಿನ ಚಿತ್ರಗಳಿಗಾಗಿ ಬರುತ್ತೇನೆಂದು ಅವನ ವಾದ. ಇರಲಿ. ಪಟ್ಟಿಯಲ್ಲಿ ಇನ್ನೂ ಹದಿನೇಳು ಸಾಲು ಬಾಕಿ ಇವೆ.